ಆದೇಶ ಕೈಯಲ್ಲಿದೆ, ದುಡ್ಡು ಬಂದಿಲ್ಲ

2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಲ್ಲಿ, ಅಂದರೆ ರೇರಾದಲ್ಲಿ, ಎಲ್ಲಕ್ಕಿಂತ ಜಾಣತನದ ಏರ್ಪಾಡು ಒಂದು ಬ್ಯಾಂಕ್ ಖಾತೆ. ಫ್ಲ್ಯಾಟ್ ಕೊಳ್ಳುವವರು ಕೊಟ್ಟ ಹಣದಲ್ಲಿ ಶೇ 70ನ್ನು ಬಿಲ್ಡರ್ ಆ ಯೋಜನೆಯದೇ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಎಂಜಿನಿಯರ್, ಆರ್ಕಿಟೆಕ್ಟ್, ಚಾರ್ಟರ್ಡ್ ಅಕೌಂಟೆಂಟ್ ಮೂವರೂ ಇಷ್ಟು ಕೆಲಸ ಆಗಿದೆ ಎಂದು ದೃಢೀಕರಿಸಿದರೆ, ಅದಕ್ಕೆ ತಕ್ಕಷ್ಟು ಮಾತ್ರ ತೆಗೆಯಬಹುದು. ವೈಟ್‌ಫೀಲ್ಡ್‌ನಲ್ಲಿ ಕಟ್ಟಿಸಿಕೊಂಡ ಹಣದಲ್ಲಿ ದೇವನಹಳ್ಳಿಯಲ್ಲಿ ಜಮೀನು ಕೊಳ್ಳುವಂಥ ಹಳೆಯ ಚಾಳಿಗೆ ಇದು ನೇರ ಮದ್ದು. ಕಾಯ್ದೆ ಬರೆದವರಿಗೆ ರೋಗದ ಮೂಲ ಗೊತ್ತಿತ್ತು.

ಕಾಯ್ದೆ ಎಡವಿರುವುದು ತೀರ್ಪಿನ ಆಚೆ. ಖರೀದಿದಾರರ ದೂರಿನ ಮೇಲೆ, ಬಡ್ಡಿ ಸಮೇತ ಹಣ ಮರಳಿಸಿ ಎಂದು ರೇರಾ ಪ್ರಾಧಿಕಾರ ಆದೇಶಿಸುತ್ತದೆ. ಬಿಲ್ಡರ್ ಕೊಡದಿದ್ದರೆ, 40ನೇ ಸೆಕ್ಷನ್ ಪ್ರಕಾರ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬೇಕು. ಕರ್ನಾಟಕದಲ್ಲಿ ವಸೂಲಾತಿ ಪತ್ರ ಜಿಲ್ಲಾಧಿಕಾರಿಗೆ ಹೋಗಿ, ಅಲ್ಲಿಂದ ತಹಶೀಲ್ದಾರರ ಮೇಜಿಗೆ ಇಳಿಯುತ್ತದೆ. ಪೋಡಿ, ಪಹಣಿ ತಿದ್ದುಪಡಿ, ಜಾತಿ ಪ್ರಮಾಣಪತ್ರ, ಚುನಾವಣೆ, ನೆರೆ ಪರಿಹಾರ ಇಷ್ಟರ ನಡುವೆ ಈ ಕಡತಕ್ಕೂ ಸರದಿ ಬರಬೇಕು. ಕಂಪನಿಯ ನೋಂದಾಯಿತ ವಿಳಾಸ ಒಂದು ತಾಲ್ಲೂಕಿನಲ್ಲಿ, ಜಮೀನು ಇನ್ನೊಂದರಲ್ಲಿ, ಅದರ ಮೇಲೆ ಆಗಲೇ ಬ್ಯಾಂಕಿನ ಅಡಮಾನ. ಯಾವ ಆಸ್ತಿ ಜಪ್ತಿ ಮಾಡಬಹುದೆಂದು ಹುಡುಕಿಕೊಡುವ ಭಾರವೂ ಎಷ್ಟೋ ಸಲ ದುಡ್ಡು ಕಳೆದುಕೊಂಡವರ ಹೆಗಲಿಗೇ ಬೀಳುತ್ತದೆ. ಒಂದು ಕಡೆ ಸಾಲದ ಕಂತು, ಇನ್ನೊಂದು ಕಡೆ ಮನೆ ಬಾಡಿಗೆ ಕಟ್ಟುತ್ತಲೇ ಅವರು ಕಚೇರಿಗೆ ಅಲೆಯಬೇಕು. ಇದು ಅನ್ಯಾಯ, ಮೆತ್ತಗೆ ಹೇಳುವಂಥದ್ದಲ್ಲ.

ಅಸಲು, ಬಡ್ಡಿ ಎರಡನ್ನೂ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದೆಂದು 2021ರಲ್ಲಿ ನ್ಯೂಟೆಕ್ ಪ್ರಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಕಾನೂನಿನ ಆ ತೊಡಕು ಬಗೆಹರಿಯಿತು. ಆದರೆ ಜಪ್ತಿಗೆ ಹೋಗಬೇಕಾದ ಸಿಬ್ಬಂದಿ ತೀರ್ಪಿನಿಂದ ಹುಟ್ಟುವುದಿಲ್ಲ. ಮಹಾರಾಷ್ಟ್ರದ ಪ್ರಾಧಿಕಾರ ಈ ಕೆಲಸಕ್ಕೆಂದೇ ನಿವೃತ್ತ ಕಂದಾಯ ಅಧಿಕಾರಿಗಳನ್ನು ಜಿಲ್ಲಾಧಿಕಾರಿ ಕಚೇರಿಗೆ ನೇಮಿಸಿಕೊಂಡಿತು. ನಿಯಂತ್ರಕರು ಅನುಭವದಿಂದ ಕಲಿಯುವುದೆಂದರೆ ಇದು.

ಇತ್ಯರ್ಥವಾದ ದೂರುಗಳನ್ನೇ ಸಾಧನೆ ಎಂದು ಎಣಿಸುತ್ತಾ ಹೋದರೆ, ಆದೇಶ ಬರೆದ ದಿನವೇ ಕಡತ ಮುಗಿದಂತೆ ಕಾಣುತ್ತದೆ. ಖರೀದಿದಾರರಿಗೆ ನಿಜಕ್ಕೂ ಮರಳಿದ ಹಣವನ್ನು ಎಣಿಸಲು ಕೂತರೆ ಬೇರೆ ಪ್ರಶ್ನೆಗಳೇ ಏಳುತ್ತವೆ. ಮೂರು ತಿಂಗಳಿಗೊಮ್ಮೆ ಕೊಡಬೇಕಾದ ಪ್ರಗತಿ ವರದಿಯನ್ನು ಈ ಬಿಲ್ಡರ್ ನಿಲ್ಲಿಸಿದ್ದು ಯಾವಾಗ? ಆಗಲೇ ಆ ಶೇ 70ರ ಖಾತೆಯನ್ನು ಯಾರಾದರೂ ಬಿಚ್ಚಿ ನೋಡಿದರೇ? ನೋಂದಣಿ ರದ್ದುಮಾಡಿ ಖಾತೆಯನ್ನು ತಡೆಹಿಡಿಸುವ ಅಧಿಕಾರ 7ನೇ ಸೆಕ್ಷನ್‌ನಲ್ಲಿದೆ. ಅದನ್ನು ಖಾತೆಯಲ್ಲಿ ದುಡ್ಡಿರುವಾಗಲೇ ಬಳಸಬೇಕು.