ಸೊನ್ನೆಗೆ ಬಾರದ ಚಕ್ರ

ಹಳೆಯ ಪಿನ್‌ಬಾಲ್ ಯಂತ್ರದ ಎದುರು ನಿಂತು ಆಟ ಶುರುಮಾಡುವ ಗುಂಡಿ ಒತ್ತಿ. ಚೆಂಡಿನ ಕಡೆ ಆಮೇಲೆ ನೋಡಿದರಾಯಿತು, ಮೊದಲು ಕಿವಿಗೊಡಿ. ಪೆಟ್ಟಿಗೆಯೊಳಗೆ ಒಂದು ರಿಲೇ, ಅಂದರೆ ವಿದ್ಯುತ್ತಿನಿಂದ ಆಡುವ ಸ್ವಿಚ್ಚು, ‘ಟಕ್’ ಎಂದು ಕಚ್ಚಿಕೊಳ್ಳುತ್ತದೆ. ಮೋಟಾರು ಗುರ್ ಎಂದು ತಿರುಗತೊಡಗುತ್ತದೆ. ಎದುರಿನ ಚಿತ್ರದ ಗಾಜಿನ ಹಿಂದೆ ಅಂಕಿಗಳ ಚಕ್ರಗಳು ಒಟ್ಟಿಗೇ ಸೊನ್ನೆಯ ಕಡೆಗೆ ಹೊರಡುತ್ತವೆ. ಏಳರಲ್ಲಿ ನಿಂತಿದ್ದ ಚಕ್ರ ಮೂರೇ ಹೆಜ್ಜೆಗೆ ಊರು ಸೇರಿ ಸುಮ್ಮನಾಗುತ್ತದೆ; ಎರಡರಲ್ಲಿದ್ದದ್ದು ಪಾಪ, ಎಂಟು ಹೆಜ್ಜೆ ನಡೆಯಬೇಕು. ಕೊನೆಯ ಚಕ್ರವೂ ಮುಟ್ಟಿತೆನ್ನುವಾಗ ಮೋಟಾರು ನಿಲ್ಲುತ್ತದೆ, ಧಡ್ ಎಂದು ಚೆಂಡು ಓಣಿಗೆ ಬರುತ್ತದೆ. ಎಲ್ಲ ಸೇರಿ ಕೆಲವೇ ಸೆಕೆಂಡು. ನನಗಂತೂ ಈ ಯಂತ್ರದ ಅರ್ಧ ಸೊಗಸು ಆ ಕೆಲವು ಸೆಕೆಂಡುಗಳಲ್ಲೇ ಇದೆ.

ಷಿಕಾಗೋದ ಗಾಟ್ಲೀಬ್ ಕಂಪನಿ 1975ರಲ್ಲಿ ತಂದ ‘ಎಲ್ ಡೊರಾಡೋ’ವನ್ನೇ ತೆಗೆದುಕೊಳ್ಳಿ. ಆಟದ ವಿನ್ಯಾಸ ಎಡ್ ಕ್ರಿನ್‌ಸ್ಕಿಯದು, ಚಿತ್ರಗಳು ಗಾರ್ಡನ್ ಮಾರಿಸನ್‌ನವು. ಅದರಲ್ಲಿ ಒಂದೇ ಒಂದು ಚಿಪ್ ಇಲ್ಲ. ಇರುವುದೆಲ್ಲ ಕಾಯಿಲ್, ರಿಲೇ, ಹಲ್ಲಿನ ಚಕ್ರ, ಸ್ಪ್ರಿಂಗು, ಬಣ್ಣಬಣ್ಣದ ತಂತಿಯ ಕಂತೆ, ಮತ್ತು ಎಣಿಸಹೋದರೆ ತಲೆ ತಿರುಗುವಷ್ಟು ಸ್ವಿಚ್ಚುಗಳು. ಲೆಕ್ಕ ಇಡುವುದು, ನೆನಪಿಟ್ಟುಕೊಳ್ಳುವುದು, ತೀರ್ಮಾನಿಸುವುದು ಎಲ್ಲವನ್ನೂ ಇವೇ ಮಾಡಬೇಕು. ನೆನಪು ಎಂದರೆ ಚಕ್ರ ನಿಂತ ಜಾಗ, ಅಷ್ಟೆ. ಪ್ಲಗ್ ಕಿತ್ತು ವರ್ಷ ಕಳೆದ ಮೇಲೆ ಮತ್ತೆ ಹಾಕಿದರೂ ಕೊನೆಗೆ ಆಡಿದವನ ಅಂಕ ಗಾಜಿನ ಹಿಂದೆ ಹಾಗೇ ಕುಳಿತಿರುತ್ತದೆ.

ಚೆಂಡು ಒಂದು ಗುರಿಗೆ ಬಡಿದು ಐವತ್ತು ಅಂಕ ಬಂತು ಅನ್ನೋಣ. ಐವತ್ತನ್ನು ಒಮ್ಮೆಗೇ ಸೇರಿಸುವುದು ಈ ಯಂತ್ರಕ್ಕೆ ಗೊತ್ತಿಲ್ಲ. ಕೆಳಗಿನ ಮೋಟಾರಿನ ಅಚ್ಚಿಗೆ ಉಬ್ಬುತಗ್ಗಿನ ಬಿಲ್ಲೆಗಳನ್ನು ಕೂರಿಸಿರುತ್ತಾರೆ. ಬಿಲ್ಲೆ ತಿರುಗುವಾಗ ಅದರ ಉಬ್ಬು ಒಂದು ಸ್ವಿಚ್ಚನ್ನು ಐದು ಸಲ ತಳ್ಳುತ್ತದೆ. ಹತ್ತರ ಚಕ್ರ ಐದು ಸಲ ಜಿಗಿಯುತ್ತದೆ. ಲೋಹದ ಪಟ್ಟಿಯ ಮೇಲೆ ಐದು ಸಲ ‘ಣಿಂಗ್’ ಎನ್ನುತ್ತದೆ. ಹತ್ತರ ಚಕ್ರ ಒಂಬತ್ತರಲ್ಲಿದ್ದರೆ ಅದರ ಪಕ್ಕದ ಸಣ್ಣ ಸ್ವಿಚ್ಚೊಂದು ಮುಚ್ಚಿಕೊಂಡಿರುತ್ತದೆ, ಮುಂದಿನ ಬಡಿತ ನೂರರ ಚಕ್ರಕ್ಕೂ ಹೋಗುತ್ತದೆ. ಎರಡನೇ ತರಗತಿಯಲ್ಲಿ ನಾವು ಕಲಿತ ದಶಕವೇ ಇದು, ತಗಡಿನಲ್ಲಿ. ನೂರಾರು ಅಂಕ ಒಟ್ಟಿಗೆ ಬಂದಾಗ ಆಟಗಾರನ ಮೈ ಜುಮ್ಮೆನ್ನುವುದು ಅಂಕದಿಂದಲ್ಲ, ಅದನ್ನು ಕೂಡಿಸಲು ಯಂತ್ರ ಪಡುವ ಪಾಡಿನ ಸದ್ದಿನಿಂದ ಎಂದು ನನ್ನ ಗುಮಾನಿ.

ಈಗ ಕೆಟ್ಟ ಯಂತ್ರಕ್ಕೆ ಬರೋಣ. ಗುಂಡಿ ಒತ್ತಿದಿರಿ. ಚಕ್ರಗಳೆಲ್ಲ ಸೊನ್ನೆಗೆ ಬಂದವು. ಆದರೂ ಮೋಟಾರು ನಿಲ್ಲುತ್ತಿಲ್ಲ, ಗುರ್‌ಗುರ್ ಎನ್ನುತ್ತಲೇ ಇದೆ, ಚೆಂಡು ಬರುತ್ತಿಲ್ಲ. ಹೊಸಬರು ಮೋಟಾರನ್ನೇ ಬಿಚ್ಚಲು ಹೊರಡುತ್ತಾರೆ. ಪಳಗಿದವರು ಅದನ್ನು ಮುಟ್ಟುವುದಿಲ್ಲ. ಅದಕ್ಕೇನೂ ಆಗಿಲ್ಲ; ಅದು ಎಲ್ಲ ಚಕ್ರಗಳ ಹಾಜರಿ ತೆಗೆಯುತ್ತಿದೆ, ಯಾವುದೋ ಒಂದು ಚಕ್ರ ಬಂದು ಕೂತಿದ್ದರೂ ‘ಬಂದೆ’ ಅಂದಿಲ್ಲ. ಚಕ್ರ ಸೊನ್ನೆಗೆ ಬಂದಾಗ ಬಿಟ್ಟುಕೊಳ್ಳಬೇಕಾದ ಸ್ವಿಚ್ಚು ಬಿಟ್ಟುಕೊಂಡಿಲ್ಲ. ಇನ್ನೊಂದು ಯಂತ್ರದಲ್ಲಿ ಒಂದು ಚಕ್ರ ಸೊನ್ನೆ ದಾಟಿ ಮತ್ತೆ ಒಂದು, ಎರಡು ಎಂದು ಸುತ್ತುತ್ತಲೇ ಇರುತ್ತದೆ, ಇಲ್ಲವೇ ನಾಲ್ಕರಲ್ಲಿ ನಿಂತು ಒದ್ದಾಡುತ್ತದೆ. ಹೊರಗಿನಿಂದ ಮೂರೂ ಒಂದೇ ರೋಗದಂತೆ ಕಾಣುತ್ತವೆ: ಆಟ ಶುರುವಾಗುತ್ತಿಲ್ಲ. ಕಿವಿಗೆ ಮಾತ್ರ ಮೂರೂ ಬೇರೆ ಬೇರೆ.

ನಕ್ಷೆಯೂ ಬೇಕು. ಪೆಟ್ಟಿಗೆಯ ತಳದಲ್ಲಿ, ಅದೃಷ್ಟವಿದ್ದರೆ, ಮಡಿಕೆ ಬಿದ್ದು ಹಳದಿಯಾದ ಒಂದು ಭಾರಿ ಹಾಳೆ ಸಿಗುತ್ತದೆ. ಬಿಚ್ಚಿದರೆ ಊಟದ ಮೇಜು ಸಾಲದು. ಎರಡು ಕಡೆ ವಿದ್ಯುತ್ತಿನ ಉದ್ದ ಗೆರೆ, ನಡುವೆ ಮೆಟ್ಟಿಲುಗಳಂತೆ ಅಡ್ಡಗೆರೆಗಳು, ಒಂದೊಂದು ಮೆಟ್ಟಿಲಿನ ಕೊನೆಗೆ ಒಂದು ಕಾಯಿಲ್. ಪ್ರತಿ ಮೆಟ್ಟಿಲೂ ಒಂದು ವಾಕ್ಯ: ಈ ಸ್ವಿಚ್ಚು ಮುಚ್ಚಿದ್ದು, ಆ ಸ್ವಿಚ್ಚು ತೆರೆದಿರದೆ, ಮೋಟಾರು ಇಂಥ ಜಾಗದಲ್ಲಿದ್ದರೆ, ಈ ರಿಲೇ ಎಳೆಯಲಿ. ಹಾಳೆಯ ಮೇಲೊಂದು ಷರಾ ಇರುತ್ತದೆ: ಯಂತ್ರ ಇಂಥ ಸ್ಥಿತಿಯಲ್ಲಿ ನಿಂತಾಗಿನ ಚಿತ್ರ ಇದು ಎಂದು. ಆ ಷರಾ ಓದದೆ ನಕ್ಷೆಗೆ ಕೈಹಾಕಿದವನು ಸಂಜೆಯವರೆಗೆ ಸರಿಯಾಗಿರುವ ಸ್ವಿಚ್ಚುಗಳನ್ನೇ ಬೈಯುತ್ತಿರುತ್ತಾನೆ.

ಎರಡೂ ತುದಿಗೆ ಕ್ಲಿಪ್ ಇರುವ ಒಂದು ತುಂಡು ತಂತಿ, ನಕ್ಷೆ ಬಲ್ಲವನ ಕೈಯಲ್ಲಿ ಸಾಕಾದಷ್ಟು ಆಯುಧ. ಮೆಟ್ಟಿಲಿನ ನಡುವೆ ಎಲ್ಲೋ ವಿದ್ಯುತ್ತು ಮುಟ್ಟಿಸಿ ನೋಡುತ್ತಾನೆ. ರಿಲೇ ಎಳೆಯಿತೇ? ಹಾಗಾದರೆ ಅಲ್ಲಿಂದ ಈಚೆಗೆ ಎಲ್ಲ ಸರಿ, ದೋಷ ಹಿಂದಿದೆ. ಎಳೆಯಲಿಲ್ಲವೇ, ಮುಂದಿದೆ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಕೊನೆಗೆ ಉಳಿಯುವುದು ಎರಡು ತೆಳ್ಳನೆಯ ಲೋಹದ ಪಟ್ಟಿ, ಅವುಗಳ ತುದಿಯಲ್ಲಿ ಎಳ್ಳುಕಾಳಿಗಿಂತ ತುಸು ದೊಡ್ಡ ಬೆಳ್ಳಿಯ ಚುಕ್ಕೆಗಳು. (ಒಳಗೆ ಕಾಯಿಲ್‌ಗಳಿಗೆ ಹೋಗುವುದು ಇಪ್ಪತ್ತೈದು ವೋಲ್ಟಿನ ಆಸುಪಾಸಿನದು, ದೀಪಗಳಿಗೆ ಆರು. ಆದರೆ ಟ್ರಾನ್ಸ್‌ಫಾರ್ಮರಿನ ಹಿಂಬದಿಗೆ ಗೋಡೆಯ ಕರೆಂಟೇ ಇರುತ್ತದೆ. ಆ ಕಡೆ ರಸಿಕತೆ ಬೇಡ.)

ಈ ಬೆಳ್ಳಿಯ ಚುಕ್ಕೆಗಳ ಬಗ್ಗೆ ನಾಲ್ಕು ಮಾತು ಹೆಚ್ಚಾದರೂ ಚಿಂತೆಯಿಲ್ಲ. ಮೈಸೂರಿನ ಯೆಜ್ಡಿ ಓಡಿಸಿದವರಿಗೆ ‘ಪಾಯಿಂಟ್ ಕ್ಲೀನ್ ಮಾಡೋದು’ ಅಂದರೆ ಏನೆಂದು ಹೇಳಬೇಕಿಲ್ಲ. ಬೈಕ್ ಸ್ಟಾರ್ಟ್ ಆಗದಿದ್ದರೆ ದಾರಿಯಲ್ಲೇ ಕೂತು, ಉಪ್ಪುಕಾಗದದ ಚೂರು ತೂರಿಸಿ ಉಜ್ಜಿ, ಒದ್ದು ಹೊರಡುವುದು. ಆ ಪಾಯಿಂಟು ಗಟ್ಟಿ ಜಾತಿಯದು, ತಡೆದುಕೊಳ್ಳುತ್ತಿತ್ತು. ಬೆಳ್ಳಿಗೆ ಆ ಒರಟು ಆಗದು. ನಯವಾದ, ಬಾಗುವ ಅರವನ್ನು ಎರಡು ಚುಕ್ಕೆಗಳ ನಡುವೆ ಇಟ್ಟು, ಬೆರಳಿನಿಂದ ಪಟ್ಟಿಯನ್ನು ಮೆಲ್ಲಗೆ ಒತ್ತಿ, ಎರಡು ಮೂರು ಸಲ ಎಳೆದರೆ ಕಪ್ಪು ಹೋಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಅಷ್ಟಕ್ಕೂ ಸರಿಯಾಗಿ ಕೂರಿಸಿದ ಸ್ವಿಚ್ಚು ತನ್ನನ್ನು ತಾನೇ ಒರೆಸಿಕೊಳ್ಳುತ್ತದೆ. ಚುಕ್ಕೆಗಳು ತಾಗಿದ ಮೇಲೂ ಉದ್ದದ ಪಟ್ಟಿ ಇನ್ನೊಂದು ಕೂದಲೆಳೆಯಷ್ಟು ಮುಂದೆ ಹೋಗಬೇಕು, ಗಿಡ್ಡ ಪಟ್ಟಿ ಅದರೊಂದಿಗೆ ತುಸು ಬಾಗಬೇಕು. ಆ ಸವರಿಕೆಯಲ್ಲೇ ದೂಳೂ ಕಪ್ಪೂ ಹೋಗುತ್ತವೆ. ಕನ್ನಡಕ ಏರಿಸಿ, ಟಾರ್ಚು ಹಿಡಿದು, ರಿಲೇಯನ್ನು ಬೆರಳಿನಿಂದ ನಿಧಾನ ಒತ್ತಿ ಈ ಸವರಿಕೆಯನ್ನು ನೋಡುವುದೇ ಒಂದು ಸುಖ. ಬರೀ ತಾಗಿ ನಿಲ್ಲುವ ಸ್ವಿಚ್ಚು ಇಂದು ಕೆಲಸ ಮಾಡುತ್ತದೆ, ಮುಂದಿನ ವಾರ ಕೈಕೊಡುತ್ತದೆ.

ಪಟ್ಟಿ ಬಗ್ಗಿಸುವ ಮುಂಚೆ ಮಾಡಬೇಕಾದ್ದು ಇನ್ನೊಂದಿದೆ: ಪಟ್ಟಿಗಳನ್ನೂ ನಡುವಿನ ಬಿಲ್ಲೆಗಳನ್ನೂ ಹಿಡಿದಿಟ್ಟ ಸ್ಕ್ರೂ ಬಿಗಿಮಾಡಿ ನೋಡುವುದು. ವರ್ಷಗಳ ಮೇಲೆ ಆ ಬಿಲ್ಲೆಗಳು ಕುಗ್ಗಿ ಸ್ಕ್ರೂ ಸಡಿಲವಾಗಿರುತ್ತದೆ. ಎಷ್ಟೋ ಸಲ ಅರ್ಧ ಸುತ್ತು ತಿರುಗಿಸಿದರೆ ಸಾಕು, ಕಾರ್ಖಾನೆಯಲ್ಲಿ ಯಾರೋ ಕೂರಿಸಿದ ಅಂತರವೇ ಮರಳಿ ಬರುತ್ತದೆ. ರಿಪೇರಿಯ ಹೆಸರಿನಲ್ಲಿ ಸಿಕ್ಕ ಸಿಕ್ಕ ಪಟ್ಟಿಯನ್ನೆಲ್ಲ ಬಗ್ಗಿಸಿ ಹೋದ ಹಿಂದಿನವನ ಕೈಗುರುತು ಕಂಡರೆ ಮಾತ್ರ ದೇವರೇ ಗತಿ.

ಹಳೆಯ ಗ್ರೀಸು ಎರಡನೇ ವೈರಿ. ಚೆಂಡೆಷ್ಟನೆಯದು, ಬೋನಸ್ ಎಷ್ಟು ಎಂದು ಎಣಿಸುವ ಬಿಲ್ಲೆಗಳ ಮೇಲೆ ಹಿತ್ತಾಳೆಯ ಮೊಳೆತಲೆಗಳ ಸಾಲಿರುತ್ತದೆ, ಅದರ ಮೇಲೆ ಬೆರಳಿನಂಥ ಲೋಹದ ಪಟ್ಟಿಗಳು ಜಾರುತ್ತವೆ. ದಶಕಗಳ ಗ್ರೀಸು ಗೋಂದಾಗಿ, ಸ್ಪ್ರಿಂಗು ಎಳೆದರೂ ಬಿಲ್ಲೆ ಮನೆಗೆ ಮರಳುವುದಿಲ್ಲ. ಬಿಚ್ಚಿ, ಸ್ಪಿರಿಟ್ಟಿನಲ್ಲಿ ಒರೆಸಿ, ಬಹುಪಾಲು ಒಣಗಿದ್ದಂತೆಯೇ ಜೋಡಿಸಬೇಕು. ಎಣ್ಣೆ ಸ್ಪ್ರೇ ಹೊಡೆದರೆ ಒಂದು ದಿನ ಬೆಣ್ಣೆ, ಆಮೇಲೆ ಮತ್ತೆ ಜಿಡ್ಡು.

ಇನ್ನು ಚೆಂಡನ್ನು ಹೊಡೆಯುವ ಫ್ಲಿಪ್ಪರ್. 1947ರ ‘ಹಂಪ್ಟಿ ಡಂಪ್ಟಿ’ಯಲ್ಲಿ ಗಾಟ್ಲೀಬ್‌ನ ಹ್ಯಾರಿ ಮ್ಯಾಬ್ಸ್ ಅದನ್ನು ತಂದ ಮೇಲೆಯೇ ಪಿನ್‌ಬಾಲ್ ನಿಜವಾಗಿ ಕೈಯಾಟವಾದದ್ದು. ಅದರ ಕಾಯಿಲ್‌ಗೆ ಎರಡು ಸುತ್ತು: ಬಲವಾಗಿ ಎಳೆಯಲು ದಪ್ಪ ತಂತಿಯದು, ಎಳೆದದ್ದನ್ನು ಹಿಡಿದಿಡಲು ಸಣ್ಣ ತಂತಿಯದು. ಫ್ಲಿಪ್ಪರ್ ಪೂರ್ತಿ ಮೇಲೆದ್ದಾಗ ತುದಿಯಲ್ಲಿ ಒಂದು ಸ್ವಿಚ್ಚನ್ನು ತಳ್ಳಿ ತೆರೆಯುತ್ತದೆ; ಆಗ ಸಣ್ಣ ತಂತಿಯೂ ದಾರಿಯಲ್ಲಿ ಸೇರಿ ಕರೆಂಟು ಇಳಿಯುತ್ತದೆ. ತೆರೆಯದಿದ್ದರೆ ಗುಂಡಿ ಒತ್ತಿ ಹಿಡಿದಷ್ಟು ಹೊತ್ತೂ ಕಾಯಿಲ್ ಕಾದು, ಸುಟ್ಟ ವಾರ್ನಿಷ್ ವಾಸನೆ ಬರುತ್ತದೆ. ಮುಚ್ಚಿದಾಗ ಚುಕ್ಕೆ ಕಪ್ಪಾಗಿದ್ದು ಸರಿಯಾಗಿ ತಾಗದಿದ್ದರೆ ಫ್ಲಿಪ್ಪರ್ ನಿಶ್ಶಕ್ತ. ಚೆಂಡು ಅರ್ಧ ದಾರಿ ಹತ್ತಿ ಮುಖ ತಿರುಗಿಸಿ ಬರುತ್ತದೆ.

ಇದು ಬರೀ ಆಟಗಾರನ ತಕರಾರಲ್ಲ. ನ್ಯೂಯಾರ್ಕಿನ ಮೇಯರ್ ಫಿಯೊರೆಲ್ಲೊ ಲಾ ಗಾರ್ಡಿಯಾ 1942ರಲ್ಲಿ ಪಿನ್‌ಬಾಲ್ ನಿಷೇಧಿಸಿದ, ಸುತ್ತಿಗೆ ಹಿಡಿದು ಯಂತ್ರ ಒಡೆಯುತ್ತ ಫೋಟೋಗೂ ನಿಂತ. ಅದೃಷ್ಟದಾಟ, ಅಂದರೆ ಜೂಜು ಎಂಬುದು ಆರೋಪ. 1976ರಲ್ಲಿ ರೋಜರ್ ಶಾರ್ಪ್ ಎಂಬ ಪಿನ್‌ಬಾಲ್ ಆಟಗಾರ ನಗರಸಭೆಯವರ ಎದುರೇ ಆಡಿ ತೋರಿಸಿ, ಇದು ಕೈಚಳಕ ಎಂದು ವಾದಿಸಿದ. ಮೊದಲ ಯಂತ್ರದ ಮೇಲೆ ಸದಸ್ಯರೊಬ್ಬರಿಗೆ ಅನುಮಾನ ಬಂದು, ಮೀಸಲಿಗಿಟ್ಟಿದ್ದ ‘ಬ್ಯಾಂಕ್ ಶಾಟ್’ ಮೇಲೆ ಆಡಿಸಿದರು. ಚೆಂಡು ಮೇಲಿನ ನಡು ಓಣಿಯಲ್ಲಿ ಇಳಿಯುತ್ತದೆ ಎಂದು ಹೇಳಿ, ಸ್ಪ್ರಿಂಗಿನ ಕೋಲು ಎಳೆದು ಬಿಟ್ಟ, ಇಳಿಯಿತು. ನಿಷೇಧ ಹೋಯಿತು. ಆ ಹೊಡೆತದಲ್ಲಿ ಅದೃಷ್ಟವೂ ಇತ್ತೆಂದು ಅವನೇ ಆಮೇಲೆ ಒಪ್ಪಿಕೊಂಡ. ಆದರೂ ಯೋಚಿಸಿ: ಸ್ಪ್ರಿಂಗು ಜಡ್ಡಾದ, ಫ್ಲಿಪ್ಪರ್ ಸತ್ತ ಯಂತ್ರದ ಮೇಲೆ ಎಂಥ ಆಟಗಾರನೂ ಜೂಜುಕೋರನೇ. ಲಾ ಗಾರ್ಡಿಯಾ ಸರಿಯೋ ಶಾರ್ಪ್ ಸರಿಯೋ ಎಂಬುದು ಒಂದೊಂದು ಯಂತ್ರದ ಮಟ್ಟಿಗೆ ಆ ತುದಿಯ ಸ್ವಿಚ್ಚಿನಲ್ಲಿ ಇರುತ್ತದೆ.

ಗಾಜಿನ ಚಿತ್ರಕ್ಕೆ ಮಾತ್ರ ಅರ, ಸ್ಪಿರಿಟ್ಟು ಯಾವುದೂ ಪ್ರಯೋಜನವಿಲ್ಲ. ಹಿಂಬದಿಯಿಂದ ಅಚ್ಚು ಮಾಡಿದ ಬಣ್ಣ ಬಲ್ಬಿನ ಬಿಸಿಗೆ ಹಪ್ಪಳಿಕೆಯೆದ್ದು ಉದುರುತ್ತದೆ. ಹಾಗಾಗಿ 44ನೇ ನಂಬರಿನ ಬಲ್ಬು ತೆಗೆದು ಕಡಿಮೆ ಕರೆಂಟಿನ 47 ಹಾಕುವುದು ವಾಡಿಕೆ. ಈಗ ಎಲ್‌ಇಡಿ ಹಾಕುವವರೂ ಇದ್ದಾರೆ. ಬಿಸಿಯಿಲ್ಲ ಎಂಬ ಅವರ ವಾದ ಸರಿಯೇ, ತಕರಾರಿಲ್ಲ. ಆದರೆ ಗಾರ್ಡನ್ ಮಾರಿಸನ್ ಬಣ್ಣ ಹಚ್ಚಿದ್ದು ಹಳದಿ ಬೆಳಕಿಗೆ, ಬಿಳಿಯ ಬೆಳಕಿನಲ್ಲಿ ಅವನ ಮಂದಿಗೆ ಕಾಮಾಲೆಯ ಬದಲು ರಕ್ತಹೀನತೆ ಬರುತ್ತದೆ.

ಇನ್ನೊಂದು ಭಾಗವಿದೆ, ಅದನ್ನು ರಿಪೇರಿ ಮಾಡುವವರಿಗಿಂತ ಕಳಚುವವರೇ ಹೆಚ್ಚು: ಬಿಟ್ಟಿ ಆಟ ಗೆದ್ದಾಗ ಮರದ ಪೆಟ್ಟಿಗೆಗೆ ಬಡಿಯುವ ಕಬ್ಬಿಣದ ಕೋಲು. ‘ಫಟಾರ್’ ಎಂಬ ಅದರ ಸದ್ದಿಗೆ ಮಲಗಿದವರು ಎದ್ದು ಕೂರುತ್ತಾರೆ. ಮನೆಯವರ ಬೈಗುಳಕ್ಕೆ ಹೆದರಿ ಅದರ ತಂತಿ ಕಳಚಿಟ್ಟ ಯಂತ್ರ ನೋಡಿದರೆ ನನಗೆ ಸಂಕಟವಾಗುತ್ತದೆ. ಕೋಲು ಬಡಿಯುವ ಜಾಗಕ್ಕೆ ತೆಳು ರಬ್ಬರು ಅಂಟಿಸಿದರೆ ಅರ್ಧ ಸದ್ದು ಇಳಿಯುತ್ತದೆ, ಉಳಿದರ್ಧಕ್ಕೆ ಬೈಸಿಕೊಳ್ಳಬಹುದು.