ಎರಡು ನುಡಿಗಳ ನಡುವೆ ಒಬ್ಬ ಹುಡುಗ

ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು. ಇಂಥ ಮಗುವಿಗೆ ವಿದ್ಯೆ ಕಲಿಸುವುದು ಹೇಗೆ? ಈ ಪ್ರಶ್ನೆಯನ್ನು ಶಿಕ್ಷಣತಜ್ಞರಿಗೆ ಬಿಟ್ಟು ಸಾಹಿತಿಗಳು ಸುಮ್ಮನಿರುವುದು ವಾಡಿಕೆ. ಪೆರು ದೇಶದ ಕಾದಂಬರಿಕಾರ ಹೋಸೆ ಮರಿಯಾ ಅರ್ಗೇದಾಸ್ (1911–1969) ಸುಮ್ಮನಿರಲಿಲ್ಲ. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು, ಮಲತಾಯಿಯ ಮನೆಯ ಮೂಲನಿವಾಸಿ ಆಳುಗಳ ಮಡಿಲಲ್ಲಿ ಬೆಳೆದು, ಅವರ ಕೆಚುವಾ ನುಡಿಯನ್ನೇ ಹೃದಯದ ನುಡಿಯಾಗಿ ಪಡೆದವನು ಆತ. ಕೆಲಕಾಲ ಉಪಾಧ್ಯಾಯನಾಗಿಯೂ ದುಡಿದವನು. 1958ರಲ್ಲಿ ಪ್ರಕಟವಾದ ಅವನ ‘ಆಳದ ನದಿಗಳು’ ಈ ಸಂಕಟದಿಂದಲೇ ಹುಟ್ಟಿದ ಕೃತಿ.

ಕಥಾನಾಯಕ ಎರ್ನೆಸ್ಟೋ ಹದಿನಾಲ್ಕರ ಹುಡುಗ. ಅಬಾಂಕಾಯ್ ಪಟ್ಟಣದಲ್ಲಿ ಪಾದ್ರಿಗಳು ನಡೆಸುವ ವಸತಿಶಾಲೆಯ ವಿದ್ಯಾರ್ಥಿ. ಗೆಳೆಯನೊಬ್ಬ, ತಾನು ಮೆಚ್ಚಿದ ಹುಡುಗಿಗೆ ಕಾಗದ ಬರೆದುಕೊಡೆಂದು ಕೇಳುತ್ತಾನೆ. ಎರ್ನೆಸ್ಟೋ ಸ್ಪ್ಯಾನಿಷಿನಲ್ಲಿ ಸೊಗಸಾಗಿ ಬರೆಯತೊಡಗುತ್ತಾನೆ. ನಡುವೆ ಲೇಖನಿ ನಿಂತುಬಿಡುತ್ತದೆ. ಓದುಬಾರದ ಹಳ್ಳಿಯ ಹುಡುಗಿಯರು ನೆನಪಾಗಿ ನಾಚಿಕೆ ಮುತ್ತುತ್ತದೆ. ಅವರಿಗೆ ಈ ಬರಹದಿಂದ ಏನು ಪ್ರಯೋಜನ? ಮರುಗಳಿಗೆ ಆತ ಕೆಚುವಾದಲ್ಲಿ ಬರೆಯುತ್ತಾನೆ. ಕಲಿತ ಅಕ್ಷರವೇ ತನ್ನವರಿಂದ ತನ್ನನ್ನು ದೂರಮಾಡುತ್ತಿದೆ ಎಂಬ ಅರಿವನ್ನು ಇಷ್ಟು ಚಿಕ್ಕ ಪ್ರಸಂಗದಲ್ಲಿ ಹಿಡಿದಿಟ್ಟ ಲೇಖಕರು ವಿರಳ.

ಅದೇ ಅಧ್ಯಾಯ ಒಂದು ಬುಗುರಿಯ ಹೆಸರಿನದು. ‘ಸುಂಬಾಯ್ಲ್ಯು’ ಎಂಬ ಆ ಹೆಸರಿನ ಕೊನೆಯ ಉಲಿಯಲ್ಲಿ ಹಾರುವ ಪುಟ್ಟ ರೆಕ್ಕೆಗಳ ನಾದವಿದೆಯೆಂದು ಲೇಖಕ ಆರಂಭದಲ್ಲೇ ಬಿಡಿಸಿ ಹೇಳುತ್ತಾನೆ. ಇಲ್ಲಿ ಪಾಠ ಹೇಳುವುದು ಕೆಚುವಾ. ಮಣೆಯ ಮೇಲೆ ಕುಳಿತು ಕೇಳುವವನು ಸ್ಪ್ಯಾನಿಷ್ ವಾಚಕ. ಕೃತಿಯ ನಿಜವಾದ ಸಾಧನೆ ಇದೇ ಎಂದು ನನ್ನ ಮತ.

ಪೆರು 1975ರಲ್ಲಿ ಕೆಚುವಾವನ್ನು ಅಧಿಕೃತ ಭಾಷೆಯೆಂದು ಸಾರಿತು. ದ್ವಿಭಾಷಾ ಮತ್ತು ಅಂತರಸಂಸ್ಕೃತಿ ಶಿಕ್ಷಣವನ್ನು ಸರಕಾರ ಪೋಷಿಸಬೇಕೆಂದು 1993ರ ಸಂವಿಧಾನ ಹೇಳಿತು. ಒಳ್ಳೆಯ ಮಾತು. ಆದರೆ ಎರಡು ಭಾಷೆ ಕಲಿಯುವ ಹೊರೆ ಬಡವನ ಮಗುವಿನ ಮೇಲೆ ಮಾತ್ರ ಬಿದ್ದರೆ, ತಾಯ್ನುಡಿ ದೊಡ್ಡ ನುಡಿಗೆ ಹತ್ತುವ ಏಣಿಯಾಗುತ್ತದೆ. ಹತ್ತಿದ ಮೇಲೆ ಏಣಿಯನ್ನು ಒದೆಯುತ್ತಾರೆ. ಸಂಸ್ಕೃತಿಗಳ ‘ನಡುವೆ’ ಎನ್ನಬೇಕಾದರೆ ಎರಡು ಕಡೆಯವರೂ ನಡೆಯಬೇಕಷ್ಟೆ.

ಕೃತಿಗೆ ಒಂದು ಮಿತಿಯಿದೆ. ಜಮೀನ್ದಾರರ ಜೀತದಾಳುಗಳು ಬಹುಮಟ್ಟಿಗೆ ದೂರದ ಗುಂಪಾಗಿಯೇ ಉಳಿಯುತ್ತಾರೆ. ಕೊನೆಯಲ್ಲಿ ಸಾಂಕ್ರಾಮಿಕ ಜ್ವರದ ನಡುವೆ ಪಟ್ಟಣಕ್ಕೆ ನುಗ್ಗಿದಾಗಲೇ ಅವರ ಶಕ್ತಿ ಕಾಣುವುದು. ಇಷ್ಟಾಗಿ, ಕಾದಂಬರಿ ಬರೆದದ್ದೂ ಸ್ಪ್ಯಾನಿಷಿನಲ್ಲೇ. ಎರ್ನೆಸ್ಟೋನ ನಾಚಿಕೆ ಲೇಖಕನದೂ ಹೌದು. ಮುಂದೆ ಅವನು ಕೆಚುವಾದಲ್ಲೇ ಕವಿತೆ ಬರೆದದ್ದು ಆಕಸ್ಮಿಕವಲ್ಲ.

ನಮಗೂ ಇದು ಪರದೇಶದ ಕತೆಯಲ್ಲ. ಕನ್ನಡನಾಡು ಒಂದಾದ 1956ರಲ್ಲೇ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ಕೊಡಲು ರಾಜ್ಯಗಳು ಯತ್ನಿಸಬೇಕೆಂಬ 350ಎ ವಿಧಿ ನಮ್ಮ ಸಂವಿಧಾನಕ್ಕೆ ಸೇರಿತು. ಇಂಗ್ಲಿಷಿನ ಮುಂದೆ ನಾವು ಎರ್ನೆಸ್ಟೋಗಳು. ಸೋಲಿಗರ, ಜೇನುಕುರುಬರ ಮಗುವಿನ ಮುಂದೆ ನಾವೇ ಶಾಲೆಯ ಯಜಮಾನರು. ಆ ಮಗು ನಮ್ಮ ಅಕ್ಷರ ಕಲಿಯುತ್ತದೆ. ಅದರ ನುಡಿಯ ಹತ್ತು ಮಾತುಗಳನ್ನು ನಮ್ಮಲ್ಲಿ ಎಷ್ಟು ಜನ ಕಲಿತಿದ್ದೇವೆ?