ಇತಿಹಾಸದ ಪುಟ ಓದುವ ಮೇಷ್ಟ್ರು

ಕನ್ನಡ ವಿಕಿಪೀಡಿಯದ ಪ್ರತಿ ಲೇಖನಕ್ಕೂ ‘ಇತಿಹಾಸ’ ಎಂಬ ಕೊಂಡಿಯೊಂದಿದೆ. ಒತ್ತಿದರೆ ಯಾರು, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಪದ ತೆಗೆದು ಯಾವ ಪದ ಹಾಕಿದರು ಎಂಬುದೆಲ್ಲ ಸಾಲಾಗಿ ಕಾಣುತ್ತದೆ. ದೆಹಲಿಯ ಮಯೂರ್ ವಿಹಾರದ ನನ್ನ ಮನೆಯಲ್ಲಿ ಕೂತು, ಕಾಲೇಜು ಮಕ್ಕಳು ತರಗತಿಯ ಕೆಲಸವಾಗಿ ಬರೆದ ಲೇಖನಗಳ ಈ ಪುಟಗಳನ್ನು ಎಷ್ಟೋ ರಾತ್ರಿ ಓದಿದ್ದೇನೆ. ನಾನು ನೋಡಿದವುಗಳಲ್ಲಿ ಬಹಳಷ್ಟರ ಕಥೆ ಒಂದೇ. ಖಾತೆ ತೆರೆದದ್ದು ಒಂದು ದಿನ, ಇಡೀ ಲೇಖನ ಒಂದೇ ಸಲಕ್ಕೆ ಬಂದು ಬಿದ್ದದ್ದು ಇನ್ನೊಂದು ದಿನ, ಆಮೇಲೆ ಆ ಸದಸ್ಯರ ಸುಳಿವಿಲ್ಲ. ಹಿಂದಿನಿಂದ ಬಂದ ಯಾರೋ ಕಾಗುಣಿತ ತಿದ್ದಿದ್ದಾರೆ, ಚರ್ಚೆಯ ಪುಟದಲ್ಲಿ ಆಧಾರ ಕೇಳಿದ್ದಾರೆ. ಉತ್ತರ ಬಂದಿಲ್ಲ.

ಆದರೂ ವಿಕಿಪೀಡಿಯವನ್ನು ತರಗತಿಗೆ ತಂದದ್ದು ಒಳ್ಳೆಯ ಕೆಲಸವೆಂದೇ ನಾನು ನಂಬಿದ್ದೇನೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯ, ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಎಸ್‌ಡಿಎಂ ಕಾಲೇಜುಗಳ ವಿದ್ಯಾರ್ಥಿಗಳು ಈ ದಾರಿಯಲ್ಲಿ ಕನ್ನಡದಲ್ಲಿ ಬರೆದಿದ್ದಾರೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ 30 ಸಾವಿರ ಲೇಖನಗಳನ್ನು ದಾಟಿದ್ದರಲ್ಲಿ ಈ ಮಕ್ಕಳ ಪಾಲೂ ಇದೆ. ಪದವಿ ತರಗತಿಯ ಕನ್ನಡ ಪ್ರಬಂಧ ಮೇಷ್ಟ್ರ ಮೇಜು ದಾಟಿ ಎಲ್ಲಿಗೆ ಹೋಗುತ್ತಿತ್ತು? ಲೆಕ್ಕಶಾಸ್ತ್ರವನ್ನು ಇಂಗ್ಲಿಷಿನಲ್ಲೇ ಓದುವ ಹುಡುಗಿ ‘ಡಿಪ್ರಿಸಿಯೇಷನ್’ ಎನ್ನುವುದಕ್ಕೆ ಕನ್ನಡ ಹುಡುಕುತ್ತಾಳೆ, ಅಜ್ಜಿ ಸವೆದ ಚಪ್ಪಲಿಗೆ ಹೇಳುತ್ತಿದ್ದ ‘ಸವಕಳಿ’ಯೇ ಆ ಪದವೆಂದು ಕಂಡುಕೊಳ್ಳುತ್ತಾಳೆ. ಆ ಗಳಿಗೆಯಲ್ಲಿ ಅವಳು ಕಲಿಯುವುದು ಎರಡು ವಿಷಯ. ಯಾವ ಪಠ್ಯಪುಸ್ತಕವೂ ಇದನ್ನು ಇಷ್ಟು ಸಲೀಸಾಗಿ ಮಾಡಿಸಲಾರದು.

ತಪ್ಪಿರುವುದು ಅಳತೆಯಲ್ಲಿ. ಎಷ್ಟು ಲೇಖನ, ಎಷ್ಟು ಬೈಟು ಎಂದು ಎಣಿಸಿ ಅಂಕ ಕೊಟ್ಟರೆ ಮಕ್ಕಳು ಬೈಟುಗಳನ್ನೇ ತಂದು ಸುರಿಯುತ್ತಾರೆ. 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆಂದು ಇಂಥದೇ ಕಾರ್ಯಕ್ರಮ ಶುರುವಾಗಿತ್ತು. ನಕಲು ಮಾಡಿದ ಬರಹ ಎಷ್ಟು ಬಂದು ಬಿತ್ತೆಂದರೆ, ಸ್ವಯಂಸೇವಕರು ಅಳಿಸಿ ಅಳಿಸಿ ಸೋತರು, ಅದೇ ವರ್ಷ ಕಾರ್ಯಕ್ರಮವನ್ನು ನಿಲ್ಲಿಸಬೇಕಾಯಿತು. ಕನ್ನಡಕ್ಕೂ ಇದರ ರುಚಿ ಗೊತ್ತು. ಅದಕ್ಕೂ ತುಸು ಮುಂಚೆ ಗೂಗಲ್ ಸಂಸ್ಥೆ ದುಡ್ಡು ಕೊಟ್ಟು, ತನ್ನ ಅನುವಾದ ಸಾಧನದ ಮೂಲಕ ಇಂಗ್ಲಿಷ್ ಲೇಖನಗಳನ್ನು ಕನ್ನಡಕ್ಕೆ ತರಿಸಿತ್ತು. ಅವುಗಳಲ್ಲಿ ಕನ್ನಡದ ಅಕ್ಷರವಿತ್ತು, ಕನ್ನಡದ ವಾಕ್ಯವಿರಲಿಲ್ಲ. ಉದ್ದ ಹೆಚ್ಚಿದರೆ ಜ್ಞಾನ ಹೆಚ್ಚಿತೆಂಬ ಆ ಲೆಕ್ಕವನ್ನೇ ತರಗತಿಯಲ್ಲೂ ಹಾಕುವುದು ನನಗೆ ನೋವು ಕೊಡುತ್ತದೆ.

ತರಗತಿಗೆ ಬಂದ ಇನ್ನೊಂದು ಸಾಧನವಾದ ವಾಟ್ಸಾಪ್ ಗುಂಪಿನ ಪಾಠದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2020ರಲ್ಲಿ ಕಾಲೇಜುಗಳು ಮುಚ್ಚಿದಾಗ ಅದು ಎಲ್ಲರ ಕೈ ಹಿಡಿಯಿತು, ನಿಜ. ಆದರೆ ಅಲ್ಲಿ ಬೆಳಿಗ್ಗೆ ಕೇಳಿದ ಪ್ರಶ್ನೆ ಸಂಜೆಗೆ ಶುಭಾಶಯಗಳ ಅಡಿಯಲ್ಲಿ ಹೂತುಹೋಗುತ್ತದೆ. ಹಳೆಯ ಮಾತಿಗೆ ಮರಳಿ ಹೋಗಿ ತಿದ್ದುವ ಅಭ್ಯಾಸ ಆ ಗುಂಪಿನಲ್ಲಿ ಬೆಳೆಯುವುದೇ ಇಲ್ಲ. ವಿಕಿಯ ಇಡೀ ಸತ್ವ ಇರುವುದು ಆ ಮರಳಿ ಹೋಗುವುದರಲ್ಲೇ.

ಹಾಗಾಗಿ ಅಂಕ ಕೊಡುವವರು ಲೇಖನವನ್ನು ಪಕ್ಕಕ್ಕಿಟ್ಟು ಇತಿಹಾಸದ ಪುಟವನ್ನು ತೆರೆಯಲಿ. ಎಷ್ಟು ಸಲ ಮರಳಿ ಬಂದರು? ಚರ್ಚೆಯಲ್ಲಿ ಆಕ್ಷೇಪಕ್ಕೆ ಏನು ಉತ್ತರ ಕೊಟ್ಟರು? ಗೆಳೆಯನ ಲೇಖನಕ್ಕೆ ಯಾವ ಆಧಾರ ಹುಡುಕಿಕೊಟ್ಟರು? ಕನ್ನಡ ವಿಕಿಪೀಡಿಯದ ಸಮುದಾಯ ತನ್ನ ಮಾತುಕತೆಯ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರಿಟ್ಟಿದೆ. ಎಷ್ಟು ಚಂದದ ಹೆಸರು! ಆ ಕಟ್ಟೆಯ ಮೇಲೆ ಮೇಷ್ಟ್ರೂ ಬಂದು ಕೂರಬೇಕು, ಮೊದಲು ತಾವೇ ಒಂದು ಲೇಖನ ಬರೆದು ತಿದ್ದಿಸಿಕೊಳ್ಳಬೇಕು. ನಾಲ್ಕು ವಿಭಾಗಗಳ ಕೆಲಸ ಹೊತ್ತ ಅತಿಥಿ ಉಪನ್ಯಾಸಕರಿಗೆ ಇದಕ್ಕೆ ಬಿಡುವೆಲ್ಲಿ ಎಂದು ಕೇಳಿದರೆ, ಬಿಡುವು ಮಾಡಿಕೊಡಬೇಕಾದ್ದು ಕಾಲೇಜು.

ಇಲ್ಲಿ ದೆಹಲಿಯಲ್ಲಿ ಕನ್ನಡ ವಿಕಿಪೀಡಿಯದ ಬೆಲೆ ಇನ್ನೂ ಹೆಚ್ಚು. ಮಯೂರ್ ವಿಹಾರದಿಂದ ಪಿಂಕ್ ಲೈನ್ ಮೆಟ್ರೊ ಹತ್ತಿದರೆ ಸರ್ ವಿಶ್ವೇಶ್ವರಯ್ಯ ಮೋತಿ ಬಾಗ್ ನಿಲ್ದಾಣದಲ್ಲಿ ಇಳಿದು ದೆಹಲಿ ಕರ್ನಾಟಕ ಸಂಘಕ್ಕೆ ಹೋಗಬಹುದು. ಜೆಎನ್‌ಯುನಲ್ಲಿ 2015ರಿಂದ ಕನ್ನಡ ಪೀಠವಿದೆ. ಇವೆರಡರಾಚೆಗೆ, ಇಲ್ಲಿ ಪದವಿ ಓದುವ ಕನ್ನಡದ ಹುಡುಗ ಉಜಿರೆಯ ಹುಡುಗಿಯ ಜೊತೆ ಒಂದೇ ಬರಹದ ಮೇಲೆ ಕೆಲಸ ಮಾಡಬಲ್ಲ ಜಾಗ ನನಗೆ ಕಂಡಂತೆ ವಿಕಿಪೀಡಿಯವೊಂದೇ.

ಮೊನ್ನೆ ಒಂದು ಇತಿಹಾಸದ ಪುಟದಲ್ಲಿ, ಲೇಖನ ಹಾಕಿ ಎರಡು ವರ್ಷದ ಮೇಲೆ ಅದೇ ಸದಸ್ಯರ ಹೆಸರು ಮತ್ತೆ ಕಂಡಿತು. ಅವರು ಬದಲಿಸಿದ್ದು ಒಂದೇ ಒಂದು ಕ್ರಿಯಾಪದವನ್ನು.